ಅಟ್ಟಕ್ಕೆ ಮೆಟ್ಟಿಲು ಕಟ್ಟುವ ಮುನ್ನ

ಶಿಕಾಗೋ ಬಳಿಯ ಶಾಮ್‌ಬರ್ಗ್‌ನ ನಮ್ಮ ಮನೆಗಳಲ್ಲಿ ಜಾಗ ಸಾಲದಾಗುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಊರಿನಿಂದ ಅಪ್ಪ ಅಮ್ಮ ಬಂದು ನಾಲ್ಕಾರು ತಿಂಗಳು ಇರುವಾಗ ಒಂದು. ಮಕ್ಕಳು ಹೈಸ್ಕೂಲು ಮುಟ್ಟಿ, ಬಾಗಿಲು ಹಾಕಿಕೊಳ್ಳುವಂಥ ಕೋಣೆ ತಮಗೂ ಬೇಕು ಎಂದಾಗ ಇನ್ನೊಂದು. 2020ರ ನಂತರ ಮನೆಯಲ್ಲೇ ಕೂತು ಕೆಲಸ ಮಾಡುವ ರೂಢಿ ಬಂದು ಮೂರನೆಯದೂ ಸೇರಿಕೊಂಡಿತು. ಗಂಡ ಊಟದ ಮೇಜಿನ ಈ ತುದಿಯಲ್ಲಿ ಮೀಟಿಂಗಿನಲ್ಲಿದ್ದರೆ ಹೆಂಡತಿ ಆ ತುದಿಯಲ್ಲಿ ಬೇರೊಂದು ಮೀಟಿಂಗಿನಲ್ಲಿ. ಅಜ್ಜ ಟೀವಿಯ ಸದ್ದು ತಗ್ಗಿಸಿಕೊಂಡು ತುಟಿ ಚಲನೆ ನೋಡಿಯೇ ಧಾರಾವಾಹಿ ಅರ್ಥಮಾಡಿಕೊಳ್ಳುತ್ತಿರುತ್ತಾರೆ.

ದೊಡ್ಡ ಮನೆಗೆ ಹೋಗೋಣವೆಂದರೆ ಬಡ್ಡಿ ಬಿಡುವುದಿಲ್ಲ. 2020–21ರಲ್ಲಿ ಶೇಕಡಾ 3ರ ಆಸುಪಾಸಿನಲ್ಲಿ ಸಾಲ ಪಡೆದವರು, 2023ರಲ್ಲಿ ಅದೇ ಬಡ್ಡಿ ಶೇಕಡಾ 7 ದಾಟಿದ್ದನ್ನು ನೋಡಿ ಇದ್ದ ಮನೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಆಗ ಕಣ್ಣು ಮೇಲೆ ಹೋಗುತ್ತದೆ. ಮಲಗುವ ಕೋಣೆಗಳ ನಡುವಿನ ಓಣಿಯಲ್ಲಿ, ಸೀಲಿಂಗಿಗೆ ಒಂದು ಚೌಕ ಮುಚ್ಚಳ. ಅದರಾಚೆ ಇಡೀ ಮನೆಯಷ್ಟು ಅಗಲದ ಅಟ್ಟ. ಅದನ್ನೇ ಕೋಣೆ ಮಾಡಿದರೇನು?

ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಮನೆಯಿಂದ ಮನೆಗೆ ಬೇರೆಯಾಗುತ್ತದೆ. ಕೆಲವು ಮನೆಗಳ ಅಟ್ಟ ಕೋಣೆಯಾಗಲು ಕಾದು ಕೂತಂತಿದೆ. ಕೆಲವು ಮನೆಗಳದ್ದು ಎಷ್ಟು ಹಣ ಸುರಿದರೂ ಆಗುವುದಿಲ್ಲ. ಶಾಮ್‌ಬರ್ಗ್‌ನಲ್ಲಿ, ಸುತ್ತಲಿನ ಹಾಫ್‌ಮನ್ ಎಸ್ಟೇಟ್ಸ್, ಪ್ಯಾಲಟೈನ್‌ಗಳಲ್ಲಿ, ಆಚೆ ಡೆಟ್ರಾಯಿಟ್ ಸುತ್ತಿನ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ನನ್ನದೊಂದು ವಿನಂತಿ. ಕಾಂಟ್ರ್ಯಾಕ್ಟರಿಗೆ ಫೋನ್ ಮಾಡುವ ಮೊದಲು, ಎಷ್ಟಾಗುತ್ತದೆ ಎಂದು ಕೇಳುವುದಕ್ಕೂ ಮೊದಲು, ಮನೆಯವರೆಲ್ಲ ಒಂದು ಸಂಜೆ ಕೂತು ಎರಡು ಮಾತು ಆಡಿಕೊಳ್ಳಿ. ಅಲ್ಲಿ ಮಲಗುವವರು ಯಾರು? ಕೆಳಗೆ ಬೆಂಕಿ ಬಿದ್ದರೆ ಅವರು ಹೊರಗೆ ಬರುವುದು ಹೇಗೆ? ಹಣದ ಮಾತು ಆಮೇಲೆ ಬರಲಿ.

ನಮ್ಮ ಕಡೆಯ ಮನೆಗಳಲ್ಲಿ ಅಟ್ಟ ಇದ್ದದ್ದು ವಸ್ತುಗಳಿಗೆ. ಮಲೆನಾಡಿನ ಮನೆಯ ಅಟ್ಟದಲ್ಲಿ ಅಡಿಕೆ, ತೆಂಗಿನಕಾಯಿ, ಮದುವೆಗೆ ಮಾತ್ರ ಇಳಿಯುವ ಕೊಪ್ಪರಿಗೆ. ಒಲೆಯ ಹೊಗೆ ಅಲ್ಲಿಗೇ ಏರಿ ಹುಳ ಹತ್ತದಂತೆ ಕಾಯುತ್ತಿತ್ತು. ಮೇಲೆ ಮಂಗಳೂರು ಹೆಂಚು. ಹೆಂಚಿನ ಸಂದಿಯಿಂದ ಗಾಳಿ ತಾನಾಗಿ ಓಡಾಡುತ್ತಿತ್ತು. ಬೇಸಗೆ ರಜೆಯಲ್ಲಿ ಹುಡುಗರು ಅಲ್ಲಿ ಚಾಪೆ ಹಾಸಿ ಮಲಗಿದರೂ ಉಸಿರು ಕಟ್ಟುತ್ತಿರಲಿಲ್ಲ. ಅಮೆರಿಕದ ಸೂರು ಹಾಗಲ್ಲ. ಪ್ಲೈವುಡ್ಡಿನ ಮೇಲೆ ಡಾಂಬರಿನ ಶಿಂಗಲ್ ಅಂಟಿಸಿ ಬಿಗಿಯಾಗಿ ಮುಚ್ಚಿದ ಸೂರು ಅದು. ಊರಿನ ಅಟ್ಟದ ನೆನಪನ್ನು ನಂಬಿಕೊಂಡು ಇಲ್ಲಿನ ಅಟ್ಟದ ಬಗ್ಗೆ ತೀರ್ಮಾನಿಸಲಾಗದು.

ಮೊದಲು ನಿಮ್ಮ ಮನೆಯ ವಯಸ್ಸು ನೋಡಿ. ಶಾಮ್‌ಬರ್ಗ್ ಗ್ರಾಮವಾಗಿ ನೋಂದಣಿಯಾದದ್ದು 1956ರಲ್ಲಿ. (ಇಂದಿಗೂ ಕಾಗದದ ಮೇಲೆ ಇದು ‘ವಿಲೇಜ್’. 2020ರ ಜನಗಣತಿಯಂತೆ ಎಪ್ಪತ್ತೆಂಟು ಸಾವಿರ ಜನ, ವುಡ್‌ಫೀಲ್ಡ್‌ನಂಥ ಮಾಲ್ ಇರುವ ಹಳ್ಳಿ ಎಂದರೆ ಊರಿನವರು ನಗುತ್ತಾರೆ.) ಆಲ್ಫ್ರೆಡ್ ಕ್ಯಾಂಪನೆಲ್ಲಿ ಎಂಬ ಬಿಲ್ಡರ್ 1959ರಲ್ಲಿ ವೆದರ್ಸ್‌ಫೀಲ್ಡ್ ಬಡಾವಣೆ ಶುರುಮಾಡಿದ ಮೇಲೆ ಜೋಳದ ಹೊಲಗಳು ಮನೆಗಳಾದವು. ಆ ಹೊತ್ತಿಗೆ ಮನೆ ಕಟ್ಟುವ ರೀತಿಯೇ ಬದಲಾಗುತ್ತಿತ್ತು. 1950ರ ದಶಕದಲ್ಲಿ ಮರದ ತುಂಡುಗಳನ್ನು ಹಲ್ಲಿರುವ ಕಬ್ಬಿಣದ ತಗಡಿನಿಂದ ಒತ್ತಿ ಜೋಡಿಸುವ ವಿಧಾನ ಬಂತು. ಅಲ್ಲಿಂದ ಮುಂದೆ ಸೂರಿನ ಚೌಕಟ್ಟನ್ನು ಕಾರ್ಖಾನೆಯಲ್ಲೇ ತಯಾರಿಸಿ ಲಾರಿಯಲ್ಲಿ ತಂದು ನಿಲ್ಲಿಸುವುದು ರೂಢಿಯಾಯಿತು. ಅದಕ್ಕೆ ಟ್ರಸ್ ಎನ್ನುತ್ತಾರೆ. ಈ ಕಡೆಯ ಉಪನಗರಗಳಲ್ಲಿ ಅರವತ್ತರ ದಶಕದ ನಂತರ ಕಟ್ಟಿದ ಬಹಳಷ್ಟು ಮನೆಗಳ ಮೇಲೆ ಕೂತಿರುವುದು ಇದೇ.

ನಿಮ್ಮದು ಯಾವುದು ಎಂದು ತಿಳಿಯಲು ಯಾರಿಗೂ ಹಣ ಕೊಡಬೇಕಾಗಿಲ್ಲ. ತಂಪಾದ ಬೆಳಗ್ಗೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಏಣಿ ಹತ್ತಿ, ಮುಚ್ಚಳ ಸರಿಸಿ ಟಾರ್ಚ್ ಬಿಡಿ. ಮುಚ್ಚಳದ ಬಳಿಯೇ ನಿಂತು ನೋಡಿದರೆ ಸಾಕು, ಒಳಗೆ ಕಾಲಿಡಬೇಡಿ. ತೊಲೆಗಳ ನಡುವೆ ಇರುವುದು ಕೆಳಗಿನ ಕೋಣೆಯ ಸೀಲಿಂಗಿನ ಡ್ರೈವಾಲ್ ಮಾತ್ರ, ಅದು ನಿಮ್ಮ ಭಾರ ತಡೆಯುವುದಿಲ್ಲ. ಎರಡೆರಡು ಅಡಿಗೆ ಒಂದರಂತೆ ತೆಳ್ಳನೆಯ ಮರದ ಅಡ್ಡಪಟ್ಟಿಗಳು ಅಂಕುಡೊಂಕಾಗಿ ಹಾದುಹೋಗಿ, ಕೀಲುಗಳಲ್ಲಿ ತಗಡು ಹೊಳೆಯುತ್ತಿದ್ದರೆ ಅದು ಟ್ರಸ್. ಬದಲಿಗೆ ಎರಡು ಬದಿಯಿಂದ ದಪ್ಪ ತೊಲೆಗಳು ಏರಿ ತುದಿಯಲ್ಲಿ ಸೇರಿ, ನಡುವೆ ಖಾಲಿ ಜಾಗವಿದ್ದರೆ ಅದು ಹಳೆಯ ರೀತಿಯ ಸೂರು.

ಟ್ರಸ್ ಎಂದಾದರೆ ದಯವಿಟ್ಟು ಒಂದು ಮಾತು ನೆನಪಿಡಿ. ಆ ಅಡ್ಡಪಟ್ಟಿಗಳಲ್ಲಿ ಒಂದನ್ನೂ ಕತ್ತರಿಸಬೇಡಿ, ಕತ್ತರಿಸಲು ಬಿಡಬೇಡಿ. ನೋಡಲು ಕಡ್ಡಿಯಂತಿದ್ದರೂ ಹಿಮದ ಭಾರವನ್ನು ಗೋಡೆಗೆ ಇಳಿಸುತ್ತಿರುವುದು ಅವೇ. ‘ಇದೊಂದನ್ನು ತೆಗೆದರೆ ನಡುವೆ ಓಡಾಡಲು ದಾರಿಯಾಗುತ್ತದೆ’ ಎನ್ನುವವರು ಸಿಗುತ್ತಾರೆ. ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಇಲ್ಲದೆ ಅಂಥ ಮಾತಿಗೆ ಒಪ್ಪಬೇಡಿ.

ಎತ್ತರದ ಲೆಕ್ಕವನ್ನೂ ನೀವೇ ಮಾಡಬಹುದು. ಇಲ್ಲಿನ ರ‍್ಯಾಂಚ್ ಮನೆಗಳ ಸೂರು ಚಪ್ಪಟೆ. ಪ್ರತಿ 12 ಇಂಚಿಗೆ 4 ಇಂಚು ಏರುವ ಸೂರು, 28 ಅಡಿ ಅಗಲದ ಮನೆ ಎಂದುಕೊಳ್ಳಿ. ಸೂರಿನ ನಟ್ಟನಡುವೆ ಸಿಗುವ ಎತ್ತರ 4 ಅಡಿ 8 ಇಂಚು. ಹತ್ತು ವರ್ಷದ ಮಗು ನಿಲ್ಲಬಹುದು, ಅಷ್ಟೇ. ಅಮೆರಿಕದ ಹೆಚ್ಚಿನ ಊರುಗಳು ಆಧಾರವಾಗಿಟ್ಟುಕೊಂಡಿರುವ ವಸತಿ ಕಟ್ಟಡ ಸಂಹಿತೆ ಕೇಳುವುದೇನು? ವಾಸದ ಕೋಣೆ ಕನಿಷ್ಠ 70 ಚದರಡಿ ಇರಬೇಕು. ಸೂರು ಇಳಿಜಾರಾಗಿದ್ದರೆ ಆ ಕನಿಷ್ಠ ಜಾಗದ ಅರ್ಧಭಾಗದ ಮೇಲಾದರೂ 7 ಅಡಿ ಎತ್ತರ ಸಿಗಬೇಕು. 5 ಅಡಿಗಿಂತ ಕೆಳಗಿನ ಮೂಲೆಗಳು ಲೆಕ್ಕಕ್ಕಿಲ್ಲ. ನಾಲ್ಕು ಅಡಿ ಎಂಟು ಇಂಚಿನ ಅಟ್ಟಕ್ಕೆ ಇದು ದಕ್ಕುವುದಿಲ್ಲ. ಸೂರನ್ನೇ ಕಿತ್ತು ಎತ್ತರಿಸಬೇಕು. ಅದು ಅಟ್ಟದ ಕೆಲಸವಲ್ಲ, ಹೊಸ ಮಹಡಿ ಕಟ್ಟುವ ಕೆಲಸ, ಖರ್ಚೂ ಹಾಗೆಯೇ.

ಹಾಗಾದರೆ ಅಟ್ಟದ ಕೋಣೆ ಎಲ್ಲಿ ಒಗ್ಗುತ್ತದೆ? ಶಿಕಾಗೋ ನಗರದೊಳಗಿನ ಇಟ್ಟಿಗೆ ಬಂಗಲೆಗಳಲ್ಲಿ. 1910ರಿಂದ 1940ರ ನಡುವೆ ಅಲ್ಲಿ ಸುಮಾರು 80 ಸಾವಿರ ಬಂಗಲೆಗಳು ಎದ್ದವು. ಅವು ಒಂದೂವರೆ ಮಹಡಿಯ ಮನೆಗಳು, ಟ್ರಸ್ ಬರುವ ಮೊದಲಿನವು. ಎಷ್ಟೋ ಮನೆಗಳಲ್ಲಿ ಅಟ್ಟಕ್ಕೆ ಮೊದಲಿನಿಂದಲೇ ಮೆಟ್ಟಿಲಿದೆ. ಡೆಟ್ರಾಯಿಟ್, ಡಿಯರ್‌ಬಾರ್ನ್‌ಗಳ ಒಂದೂವರೆ ಮಹಡಿಯ ಇಟ್ಟಿಗೆ ಮನೆಗಳೂ ಹೀಗೆಯೇ. ಎರಡನೇ ಮಹಾಯುದ್ಧದ ನಂತರದ ಕೇಪ್ ಕಾಡ್ ಮನೆಗಳನ್ನಂತೂ ಅಟ್ಟ ಅರೆಬರೆ ಬಿಟ್ಟೇ ಮಾರುತ್ತಿದ್ದರು. ನ್ಯೂಯಾರ್ಕಿನ ಲೆವಿಟ್‌ಟೌನ್‌ನಲ್ಲಿ 1947ರಲ್ಲಿ ಮನೆ ಹೊಕ್ಕವರು, ಮಕ್ಕಳಾದಂತೆಲ್ಲ ಅಟ್ಟವನ್ನು ತಾವೇ ಕೋಣೆಯಾಗಿಸಿಕೊಂಡರು. ಶಿಕಾಗೋ ನಗರಸಭೆ 2020ರ ಡಿಸೆಂಬರಿನಲ್ಲಿ ಅಟ್ಟ ಮತ್ತು ಬೇಸ್‌ಮೆಂಟುಗಳಲ್ಲಿ ಪ್ರತ್ಯೇಕ ವಾಸದ ಘಟಕ ಮಾಡಲು ಕೆಲವು ಭಾಗಗಳಲ್ಲಿ ಅವಕಾಶ ಕೊಟ್ಟಾಗ ಅದರ ಕಣ್ಣಿದ್ದುದು ಇಂಥ ಮನೆಗಳ ಮೇಲೆಯೇ. ಆದರೆ ಶಿಕಾಗೋದ ಕಾನೂನು ಶಾಮ್‌ಬರ್ಗ್‌ಗೆ ಅನ್ವಯಿಸದು. ನಗರದಲ್ಲಿರುವ ಗೆಳೆಯರು ಮಾಡಿದರು ಎಂಬುದು ನಮಗೆ ಆಧಾರವಾಗಲಾರದು.

ಕೋಣೆ ಮಾಡದಿದ್ದರೂ ಸಾಮಾನು ಇಡಬಹುದಲ್ಲ ಎನ್ನುತ್ತೀರಿ. ಅದಕ್ಕೂ ಮಿತಿ ಇದೆ. ಸಾಮಾನು ಇಡಲೆಂದು ರೂಪಿಸದ ಅಟ್ಟದ ತೊಲೆಗಳಿಗೆ ಸಂಹಿತೆ ಹಿಡಿಯುವ ಲೆಕ್ಕ ಚದರಡಿಗೆ 10 ಪೌಂಡ್. ನಾವು ವಿಮಾನಕ್ಕೆ ಹಾಕುವ 23 ಕೆಜಿ, ಅಂದರೆ 50 ಪೌಂಡಿನ ಸೂಟ್‌ಕೇಸ್ ಅಂಗಾತ ಮಲಗಿದರೆ ಹಿಡಿಯುವುದು ಸುಮಾರು ನಾಲ್ಕು ಚದರಡಿ. ತುಂಬಿದ ಒಂದೇ ಸೂಟ್‌ಕೇಸ್ ಆ ಮಿತಿಯನ್ನು ದಾಟುತ್ತದೆ. ಖಾಲಿ ಪೆಟ್ಟಿಗೆ, ನವರಾತ್ರಿಯ ಹಗುರ ಗೊಂಬೆಗಳು ಇರಲಿ. ಪುಸ್ತಕ ತುಂಬಿದ ಡಬ್ಬ, ದೋಸೆ ಹಿಟ್ಟಿನ ಹಳೆಯ ಗ್ರೈಂಡರು ಗರಾಜಿಗೆ ಇಳಿಯಲಿ. ವಾಸದ ಅಟ್ಟಕ್ಕೆ ಬೇಕಾದದ್ದು ಚದರಡಿಗೆ 30 ಪೌಂಡ್ ತಾಳುವ ನೆಲ. ಹಳೆಯ ಬಂಗಲೆಗಳಲ್ಲೂ ಅನೇಕ ಸಲ ತೊಲೆಗಳಿಗೆ ಜೊತೆ ತೊಲೆ ಕೊಟ್ಟು ಗಟ್ಟಿ ಮಾಡಬೇಕಾಗುತ್ತದೆ.

ಈಗ ಮಲಗುವವರ ಮಾತಿಗೆ ಬರೋಣ. ಅಟ್ಟದ ಕೋಣೆಯ ಆಲೋಚನೆ ಹುಟ್ಟುವುದು ಹೆಚ್ಚಾಗಿ ಅಪ್ಪ ಅಮ್ಮನ ನೆಪದಲ್ಲಿ. ‘ಅವರಿಗೊಂದು ಕೋಣೆ ಆಗುತ್ತದೆ’ ಎನ್ನುತ್ತೇವೆ. ಪ್ರೀತಿಯ ಮಾತೇ. ಆದರೆ ಎಪ್ಪತ್ತರ ಅಮ್ಮನ ಮಂಡಿಯನ್ನು ನೆನೆಸಿಕೊಳ್ಳಿ. ರಾತ್ರಿ ಎರಡು ಸಲ ಬಚ್ಚಲಿಗೆ ಏಳುವ ಅಪ್ಪನನ್ನು ನೆನೆಸಿಕೊಳ್ಳಿ. ಸಂಹಿತೆ ಒಪ್ಪುವ ಮೆಟ್ಟಿಲು 7¾ ಇಂಚು ಎತ್ತರದವರೆಗೂ ಇರಬಹುದು. ನಮಗೆ ಅದು ಲೆಕ್ಕಕ್ಕಿಲ್ಲ. ಜನವರಿಯ ಚಳಿಗೆ ಎರಡು ಜೊತೆ ಕಾಲುಚೀಲ ಹಾಕಿ, ನಿದ್ದೆಗಣ್ಣಿನಲ್ಲಿ ಇಳಿಯುವ ಹಿರಿಯರಿಗೆ ಅದು ದೊಡ್ಡ ಸಂಗತಿ. ಇಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಸಂದರ್ಶಕರ ವಿಮೆ ಎಷ್ಟು ಕೊಡುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ನನ್ನ ಕೋರಿಕೆ ಇಷ್ಟು: ಅಟ್ಟ ಕೋಣೆಯಾದರೂ ಅಲ್ಲಿಗೆ ನೀವು ಏರಿ, ಕೆಳಗಿನ ಕೋಣೆ ಅವರಿಗೆ ಬಿಡಿ. ನಿಮ್ಮ ಕಚೇರಿಯ ಮೇಜು ಮೇಲೆ ಹೋಗಲಿ. ಓದುವ ಮಗ ಅಥವಾ ಮಗಳು ಮೇಲೆ ಹೋಗಲಿ. ಇನ್ನೂ ಸುಲಭದ ದಾರಿ ಕೆಲವೊಮ್ಮೆ ಕಣ್ಣೆದುರೇ ಇರುತ್ತದೆ. ವರ್ಷಕ್ಕೆ ನಾಲ್ಕು ಸಲ ಅತಿಥಿಗಳು ಊಟಕ್ಕೆ ಕೂರುವ ಫಾರ್ಮಲ್ ಡೈನಿಂಗ್ ರೂಮು ಎಷ್ಟೋ ಮನೆಗಳಲ್ಲಿ ನೆಲಮಾಳಿಗೆಯಲ್ಲೂ ಅಲ್ಲದೆ ಮಹಡಿಯಲ್ಲೂ ಅಲ್ಲದೆ, ಬಚ್ಚಲಿನ ಪಕ್ಕದಲ್ಲೇ ಇದೆ. ಅದಕ್ಕೊಂದು ಗೋಡೆ, ಒಂದು ಜಾರುವ ಬಾಗಿಲು ಹಾಕಿಸಿದರೆ ಅಪ್ಪ ಅಮ್ಮನಿಗೆ ಕೋಣೆ ಸಿದ್ಧ. ಸ್ಪ್ಲಿಟ್-ಲೆವೆಲ್ ಮನೆಗಳಲ್ಲಿ ಕೆಳಹಂತದ ಫ್ಯಾಮಿಲಿ ರೂಮು ಇದೆ. ಅಟ್ಟದ ಖರ್ಚಿನ ಸಣ್ಣ ಪಾಲಿನಲ್ಲಿ ಇವು ಮುಗಿಯುತ್ತವೆ. ಬೇಸ್‌ಮೆಂಟಿನ ಯೋಚನೆ ಇದ್ದವರು ಮೊದಲು ರೇಡಾನ್ ಪರೀಕ್ಷೆ ಮಾಡಿಸಿ. ಲೀಟರಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಸರಿಪಡಿಸಬೇಕು ಎಂಬುದು ಅಮೆರಿಕದ ಪರಿಸರ ಸಂಸ್ಥೆಯ ಸಲಹೆ. ನೆಲದಿಂದ ಏಳುವ ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ.

ಮೆಟ್ಟಿಲಿನ ಬಗ್ಗೆ ಇನ್ನೊಂದು ಸಂಗತಿ ನಕ್ಷೆ ಕೈಗೆ ಬರುವವರೆಗೆ ಯಾರಿಗೂ ಹೊಳೆಯುವುದಿಲ್ಲ. ಎಳೆದು ಇಳಿಸುವ ಮಡಿಸು ಏಣಿ ವಾಸದ ಕೋಣೆಗೆ ನಡೆಯದು. ಒಂಬತ್ತು ಅಡಿ ಏರಬೇಕಾದರೆ ಹದಿನಾಲ್ಕು ಮೆಟ್ಟಿಲು ಬೇಕು. ಪ್ರತಿ ಮೆಟ್ಟಿಲು ಕನಿಷ್ಠ 10 ಇಂಚು ಆಳ ಎಂದರೆ ಸುಮಾರು ಹನ್ನೊಂದು ಅಡಿ ಉದ್ದ, ಮೂರು ಅಡಿ ಅಗಲ. ಮೇಲೂ ಕೆಳಗೂ ನಿಲ್ಲುವ ಜಾಗ ಬೇರೆ. ತಲೆಗೆ 6 ಅಡಿ 8 ಇಂಚು ಬಿಡಬೇಕು. ಈ ಜಾಗ ಬರುವುದು ಕೆಳಗಿನ ಕೋಣೆಯಿಂದ. ಮೇಲೊಂದು ಕೋಣೆ ಪಡೆಯಲು ಕೆಳಗೆ ಅರ್ಧ ಕೋಣೆ ಕೊಡುತ್ತಿದ್ದೇವೆ ಎಂಬುದು ಲೆಕ್ಕದಲ್ಲಿರಲಿ.

ಇನ್ನು ಹೊರಬರುವ ದಾರಿ. ಈ ಒಂದು ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ಬೆಂಕಿ ಹೆಚ್ಚಾಗಿ ಕೆಳಗೆ ಹುಟ್ಟುತ್ತದೆ, ಅಡುಗೆಮನೆಯಲ್ಲಿ, ಬೇಸ್‌ಮೆಂಟಿನಲ್ಲಿ. ಹೊಗೆ ಮೇಲೇರುತ್ತದೆ. ಮೆಟ್ಟಿಲ ಬಾವಿಯೇ ಅದಕ್ಕೆ ಚಿಮಣಿ. ಅಟ್ಟದಲ್ಲಿ ಮಲಗಿದವರಿಗೆ ಎಚ್ಚರವಾಗುವಷ್ಟರಲ್ಲಿ ಬಂದ ದಾರಿ ಮುಚ್ಚಿರುತ್ತದೆ. ಆದ್ದರಿಂದಲೇ ಮಲಗುವ ಕೋಣೆಗೆ ಹೊರಕ್ಕೆ ತೆರೆಯುವ ಎರಡನೆಯ ದಾರಿ ಬೇಕೆಂದು ಸಂಹಿತೆ ಹೇಳುತ್ತದೆ. ಕಿಟಕಿಯಾದರೆ ಪೂರ್ತಿ ತೆರೆದಾಗ 5.7 ಚದರಡಿ ಬಯಲು ಸಿಗಬೇಕು. ಅಗಲ 20 ಇಂಚಿಗೆ, ಎತ್ತರ 24 ಇಂಚಿಗೆ ಕಡಿಮೆಯಾಗಬಾರದು. ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಇಲ್ಲಿ ಒಂದು ಸೂಕ್ಷ್ಮ ಇದೆ. 20 ಮತ್ತು 24ನ್ನು ಗುಣಿಸಿದರೆ ಮೂರೂಕಾಲು ಚದರಡಿಯೂ ಸ್ವಲ್ಪವೂ ಬರುತ್ತದೆ, 5.7 ಅಲ್ಲ. ಎರಡೂ ಕನಿಷ್ಠದಲ್ಲಿರುವ ಕಿಟಕಿ ಸಾಲದು. ‘ಕೋಡ್ ಪ್ರಕಾರವೇ ಇದೆ’ ಎಂದು ಯಾರಾದರೂ ಹೇಳಿದಾಗ ನೀವೇ ಟೇಪ್ ಹಿಡಿದು ಅಳೆಯಿರಿ. ಉಸಿರಾಟದ ಉಪಕರಣ ಬೆನ್ನಿಗೆ ಕಟ್ಟಿಕೊಂಡ ಅಗ್ನಿಶಾಮಕ ಸಿಬ್ಬಂದಿ ಒಳಗೆ ಬರಲಿ ಎಂದೇ ಆ ಅಳತೆ ಹಾಗಿದೆ.

ಹೊಗೆ ಅಲಾರಂ ಕೋಣೆಯೊಳಗೊಂದು, ಕೋಣೆಯ ಹೊರಗೊಂದು, ಪ್ರತಿ ಅಂತಸ್ತಿಗೊಂದು. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಅವು ಪರಸ್ಪರ ಜೋಡಣೆಯಾಗಿರಬೇಕು. ಇಲಿನಾಯ್‌ನಲ್ಲಿ ಮಲಗುವ ಪ್ರತಿ ಕೋಣೆಯ 15 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ನಮ್ಮ ಒಗ್ಗರಣೆಗೆ ಈ ಅಲಾರಂಗಳು ಕೂಗುತ್ತವೆ ನಿಜ. ಸಿಟ್ಟಿನಿಂದ ಬ್ಯಾಟರಿ ಕಿತ್ತಿಟ್ಟ ಮನೆಗಳು ನಮ್ಮ ನಡುವೆ ಇವೆ ಎಂಬುದೂ ನಿಜ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ದೂಡುವಂತೆ ಕೊಳವೆ ಹಾಕಿಸಿ. ಬಹಳ ಮನೆಗಳಲ್ಲಿ ಅದು ಹೊಗೆಯನ್ನು ತಿರುಗಿ ಅಡುಗೆಮನೆಗೇ ಬಿಡುತ್ತದೆ. ಬಚ್ಚಲಿನ ಫ್ಯಾನಿನ ಕೊಳವೆ ಅಟ್ಟದೊಳಗೇ ನಿಂತಿದ್ದರೆ ಅದನ್ನೂ ಸೂರಿನಾಚೆಗೆ ಒಯ್ಯಿಸಿ. ಆ ಹಬೆಯಿಂದಲೇ ಪ್ಲೈವುಡ್ಡಿಗೆ ಬೂಷ್ಟು ಹಿಡಿಯುವುದು. ಇದು ಅಟ್ಟ ಅಟ್ಟವಾಗಿಯೇ ಉಳಿಯುವ ಮನೆಗೂ ಅನ್ವಯಿಸುವ ಮಾತು.

ಬಿಸಿಲು ಮತ್ತು ಚಳಿಯ ಬಗ್ಗೆ ನಿಧಾನವಾಗಿ ಹೇಳಬೇಕು. ಈಗ ನಿಮ್ಮ ಮನೆಯ ಕಂಬಳಿ, ಅಂದರೆ ಇನ್ಸುಲೇಷನ್, ಹೊದೆಸಿರುವುದು ಅಟ್ಟದ ನೆಲಕ್ಕೆ. ಅದರ ಮೇಲಿನ ಅಟ್ಟ ಹೊರಗಿನ ಹವೆಗೆ ತೆರೆದುಕೊಂಡಿದೆ. ಸೂರಿನ ಅಂಚಿನಿಂದ ಗಾಳಿ ಒಳಬಂದು ತುದಿಯಿಂದ ಹೊರಹೋಗುತ್ತದೆ. ಕೋಣೆ ಮಾಡಿದಾಗ ಈ ಕಂಬಳಿಯನ್ನು ನೆಲದಿಂದ ಎತ್ತಿ ಸೂರಿನ ಇಳಿಜಾರಿಗೆ ಹೊದೆಸಬೇಕು, ಆದರೂ ಶಿಂಗಲಿನ ಕೆಳಗೆ ಗಾಳಿಯ ಹಾದಿ ಉಳಿಸಬೇಕು. ಶಿಕಾಗೋ ಮತ್ತು ಡೆಟ್ರಾಯಿಟ್ ಎರಡೂ ಬರುವ ಐದನೇ ಹವಾಮಾನ ವಲಯದಲ್ಲಿ ಅಟ್ಟಕ್ಕೆ ಕೇಳುವ ಇನ್ಸುಲೇಷನ್ ಆರ್-49 (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ), 2021ರ ಸಂಹಿತೆಯಲ್ಲಿ ಆರ್-60. ಹಳೆಯ ಮನೆಯ ತೊಲೆಯ ಆಳ ಅನೇಕ ಸಲ ಐದೂವರೆ ಇಂಚು. ಫೈಬರ್‌ಗ್ಲಾಸಿನಲ್ಲಿ ಆರ್-49 ಮುಟ್ಟಲು ಹದಿನಾಲ್ಕು ಇಂಚಿನಷ್ಟು ಬೇಕು, ಒತ್ತಾದ ಸ್ಪ್ರೇ ಫೋಮಿನಲ್ಲಿ ಏಳೆಂಟು ಇಂಚು. ತೊಲೆಯ ಆಳಕ್ಕಿಂತ ಹೆಚ್ಚಾದಷ್ಟು ಎತ್ತರ ನಿಮ್ಮ ತಲೆಯ ಮೇಲಿನಿಂದ ಕಳೆಯುತ್ತದೆ. ಏಳು ಅಡಿ ಸರಿಯಾಗಿ ಸಿಗುತ್ತಿದ್ದ ಅಟ್ಟ ಆರೂವರೆಗೆ ಇಳಿದು ಅನರ್ಹವಾಗುವುದು ಇಲ್ಲೇ.

ಕಂಬಳಿ ಸರಿಯಾಗಿ ಹೊದೆಸದಿದ್ದರೆ ಚಳಿಗಾಲದಲ್ಲಿ ಕೋಣೆಯ ಶಾಖ ಸೂರಿಗೆ ಸೋರಿ ಹಿಮ ಕರಗುತ್ತದೆ. ಕರಗಿದ ನೀರು ತಣ್ಣನೆಯ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಕಟ್ಟೆ ಕಟ್ಟುತ್ತದೆ. ಹಿಂದೆ ನಿಂತ ನೀರು ಶಿಂಗಲಿನಡಿ ನುಗ್ಗಿ ಗೋಡೆಯೊಳಗೆ ಇಳಿಯುತ್ತದೆ. 2019ರ ಜನವರಿ 30ರಂದು ಓಹೇರ್ ವಿಮಾನನಿಲ್ದಾಣದಲ್ಲಿ ಸೊನ್ನೆಗಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂಥ ರಾತ್ರಿಗೂ ಆ ಕೋಣೆ ತಯಾರಾಗಿರಬೇಕು.

ಚಳಿಯನ್ನು ನಾವು ಹೇಗೋ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಬಿಸಿಲನ್ನು ಮಾತ್ರ, ‘ನಾವು ರಾಯಚೂರಿನವರು, ಬಳ್ಳಾರಿಯವರು’ ಎಂದು ಹಗುರ ಮಾಡುತ್ತೇವೆ. 1995ರ ಜುಲೈಯಲ್ಲಿ ಶಿಕಾಗೋಗೆ ಬಂದ ಬಿಸಿಗಾಳಿಯನ್ನು ನೆನೆಯೋಣ. ಜುಲೈ 13ರಂದು ಮಿಡ್‌ವೇ ವಿಮಾನನಿಲ್ದಾಣದಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ಆ ವಾರದಲ್ಲಿ ಸಾಮಾನ್ಯಕ್ಕಿಂತ ಹೆಚ್ಚಾಗಿ ಸತ್ತವರು 739 ಮಂದಿ. ಸತ್ತವರಲ್ಲಿ ಹಿರಿಯರೇ ಹೆಚ್ಚು. ಆನಂತರ ನಡೆದ ಅಧ್ಯಯನದಲ್ಲಿ, ಕಟ್ಟಡದ ತೀರಾ ಮೇಲಿನ ಅಂತಸ್ತಿನಲ್ಲಿ ವಾಸಿಸುತ್ತಿದ್ದವರಿಗೆ ಅಪಾಯ ಹೆಚ್ಚಿತ್ತು ಎಂದು ಕಂಡುಬಂತು. ಸೂರಿನಡಿಯ ಕೋಣೆ ಎಂದರೆ ಅದು. ಕೆಳಗಿನ ಫರ್ನೇಸ್ ಮತ್ತು ಏಸಿಯಿಂದ ಒಂದು ಕೊಳವೆ ಎಳೆದರೆ ಸಾಕು ಎಂದು ಹೇಳುವವರನ್ನು, ‘ಲೆಕ್ಕ ಮಾಡಿ ತೋರಿಸಿ’ ಎಂದು ವಿನಯದಿಂದ ಕೇಳಿ. ಬಹಳ ಸಲ ಆ ಕೋಣೆಗೆ ಬೇರೆಯೇ ಮಿನಿ-ಸ್ಪ್ಲಿಟ್ ಯಂತ್ರ ಬೇಕಾಗುತ್ತದೆ.

ಹಳೆಯ ಮನೆ ಕೊಂಡವರಿಗೆ ಒಂದು ಎಚ್ಚರಿಕೆ. ಅಟ್ಟದಲ್ಲಿ ಬೂದು-ಕಂದು ಬಣ್ಣದ, ಅಭ್ರಕದಂತೆ ಹೊಳೆಯುವ ಹರಳು ಸುರಿದಿದ್ದರೆ ಕೈ ಹಾಕಬೇಡಿ, ಗುಡಿಸಬೇಡಿ. ಅದು ವರ್ಮಿಕ್ಯುಲೈಟ್ ಇರಬಹುದು. 1990ರವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನ ಬಹುಪಾಲು ಮೊಂಟಾನಾದ ಲಿಬ್ಬಿ ಗಣಿಯದು. ಆ ಗಣಿಯಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು. 1978ಕ್ಕಿಂತ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸವೂ ಇರಬಹುದು. ಮನೆಯಲ್ಲಿ ತೆವಳುವ ಕೂಸಿದ್ದರೆ ಒಡೆಯುವ ಕೆಲಸಕ್ಕೆ ಮೊದಲು ಪರೀಕ್ಷೆಯಾಗಲಿ.

ಇಷ್ಟೆಲ್ಲ ನೋಡಿದ ಮೇಲೂ ನಿಮ್ಮ ಅಟ್ಟ ಯೋಗ್ಯವೆನಿಸಿದರೆ ಸಂತೋಷ. ಆಗ ಪರ್ಮಿಟ್ ಪಡೆದೇ ಮಾಡಿ. ಶಾಮ್‌ಬರ್ಗ್ ವಿಲೇಜಿನ ಸಮುದಾಯ ಅಭಿವೃದ್ಧಿ ವಿಭಾಗದವರನ್ನು ನಕ್ಷೆ ಮಾಡಿಸುವ ಮೊದಲೇ ಮಾತಾಡಿಸಿ. ಪ್ರತಿ ಊರು ಸಂಹಿತೆಗೆ ತನ್ನದೇ ತಿದ್ದುಪಡಿ ಮಾಡಿಕೊಂಡಿರುತ್ತದೆ. ಮೇಲೆ ಹೇಳಿದ ಅಂಕಿಗಳನ್ನು ಅಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಉದಾಹರಣೆಗೆ, ಶಿಕಾಗೋ ಮತ್ತು ಅದರ ಸುತ್ತಲಿನ ಅನೇಕ ಊರುಗಳಲ್ಲಿ ಮನೆಯೊಳಗಿನ ವಿದ್ಯುತ್ ತಂತಿಯೂ ಲೋಹದ ಕೊಳವೆಯೊಳಗೇ ಹೋಗಬೇಕು. ಬೇರೆ ರಾಜ್ಯದಿಂದ ಬಂದ ಗೆಳೆಯರು ತೋರಿಸುವ ವಿಡಿಯೊ ನೋಡಿ ಮಾಡಿದ ವೈರಿಂಗ್ ಇಲ್ಲಿ ಪಾಸಾಗದು. ಟೌನ್‌ಹೌಸಿನಲ್ಲಿರುವವರು ಅಸೋಸಿಯೇಷನ್ನಿನ ಒಪ್ಪಿಗೆಯನ್ನೂ ಕೇಳಬೇಕು. ಏಕೆಂದರೆ ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆ ಬೆಂಕಿ ತಡೆಯಲೆಂದೇ ಸೂರಿನವರೆಗೆ ಏರಿರುತ್ತದೆ.

ಇನ್‌ಸ್ಪೆಕ್ಟರ್ ಎಂದರೆ ನಮಗೆ ಊರಿನ ಕಚೇರಿಗಳ ಅನುಭವದಿಂದ ಸ್ವಲ್ಪ ಅಳುಕು. ಇಲ್ಲಿ ಅವರು ಡ್ರೈವಾಲ್ ಮುಚ್ಚುವ ಮೊದಲು ಬಂದು ತೊಲೆ, ತಂತಿ, ಇನ್ಸುಲೇಷನ್ ನೋಡಿ ಹೋಗುತ್ತಾರೆ. ಗೋಡೆ ಮುಚ್ಚಿದ ಮೇಲೆ ನಿಮಗೂ ನನಗೂ ಕಾಣದ್ದನ್ನು ನಿಮ್ಮ ಪರವಾಗಿ ನೋಡುವವರು ಅವರು. ಅವರ ಭೇಟಿಗೆ ನೀವು ಕೊಡುವ ಶುಲ್ಕ ವ್ಯರ್ಥವಲ್ಲ.

ಕಾಂಟ್ರ್ಯಾಕ್ಟರಿನ ವಿಷಯದಲ್ಲಿ ಇಲಿನಾಯ್ ಮತ್ತು ಮಿಶಿಗನ್ ನಡುವೆ ವ್ಯತ್ಯಾಸವಿದೆ. ಮಿಶಿಗನ್‌ನಲ್ಲಿ ಮನೆಯ ಕೆಲಸ ಮಾಡುವ ಬಿಲ್ಡರಿಗೆ ರಾಜ್ಯದ ಲೈಸೆನ್ಸ್ ಬೇಕು. ಅದನ್ನು ರಾಜ್ಯದ ಜಾಲತಾಣದಲ್ಲೇ ಪರಿಶೀಲಿಸಬಹುದು. ಇಲಿನಾಯ್‌ನಲ್ಲಿ ಸೂರಿನ ಕೆಲಸದವರಿಗೆ, ಪ್ಲಂಬರಿಗೆ ರಾಜ್ಯದ ಲೈಸೆನ್ಸ್ ಇದೆ, ಸಾಮಾನ್ಯ ಕಾಂಟ್ರ್ಯಾಕ್ಟರಿಗೆ ಇಲ್ಲ. ಹಾಗಾಗಿ ಇಲ್ಲಿ ನಮ್ಮ ಹೊಣೆ ಹೆಚ್ಚು. ಒಂದು ಸಾವಿರ ಡಾಲರ್ ಮೀರಿದ ಮನೆ ದುರಸ್ತಿಗೆ ಲಿಖಿತ ಒಪ್ಪಂದ ಬೇಕೆಂದು ಇಲಿನಾಯ್ ಕಾನೂನೇ ಹೇಳುತ್ತದೆ. ಹಣ ಕೊಡುವ ಮುನ್ನ, ಕೆಲಸಕ್ಕೆ ಬಂದ ಉಪಗುತ್ತಿಗೆದಾರರು ಯಾರು, ಯಾರಿಗೆ ಎಷ್ಟು ಬಾಕಿ ಎಂಬ ಪ್ರಮಾಣಪತ್ರ ಕೇಳಿ ಪಡೆಯಿರಿ. ಕಾಂಟ್ರ್ಯಾಕ್ಟರ್ ಅವರಿಗೆ ಹಣ ಕೊಡದಿದ್ದರೆ ಅವರು ನಿಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು. ದೇವಸ್ಥಾನದಲ್ಲಿ ಪರಿಚಯವಾದವರು, ನಮ್ಮ ಕಡೆಯವರು ಎಂಬ ಸಂಕೋಚದಿಂದ ಕಾಗದ ಕೇಳದೆ ಬಿಡಬೇಡಿ. ಒಳ್ಳೆಯ ಕೆಲಸಗಾರ ಬೇಸರಪಡುವುದಿಲ್ಲ.

ಮನೆಯ ಬೆಲೆ ಏರುತ್ತದೆ ಎಂಬ ಲೆಕ್ಕದಿಂದ ಹೊರಟವರು ಇದನ್ನೂ ನೋಡಿ. 2022ರ ಏಪ್ರಿಲ್‌ನಿಂದ, ಬ್ಯಾಂಕುಗಳಿಂದ ಗೃಹಸಾಲ ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ಸಾಲಗಳ ಮೌಲ್ಯಮಾಪನದಲ್ಲಿ ಅಳತೆಯ ಒಂದೇ ಮಾನದಂಡ ಬಂದಿದೆ. ಇಳಿಜಾರು ಸೀಲಿಂಗಿನ ಕೋಣೆಯಲ್ಲಿ 5 ಅಡಿಗಿಂತ ಕೆಳಗಿನ ಜಾಗ ಲೆಕ್ಕಕ್ಕೆ ಬಾರದು. ಉಳಿದದ್ದರಲ್ಲಿ ಅರ್ಧಕ್ಕಾದರೂ 7 ಅಡಿ ಎತ್ತರ ಬೇಕು. ಆ ಅಳತೆಗೆ ಒಗ್ಗದ ಅಟ್ಟಕ್ಕೆ ನೀವು ಎಷ್ಟು ಚಂದದ ನೆಲಹಾಸು ಹಾಕಿದರೂ ಮಾರುವಾಗ ಅದು ಮನೆಯ ಚದರಡಿಗೆ ಸೇರುವುದಿಲ್ಲ. ಆಸ್ತಿ ತೆರಿಗೆಗೆ ಹೆದರಿ ಪರ್ಮಿಟ್ ತಪ್ಪಿಸುವವರಿಗೂ ಒಂದು ಸಮಾಧಾನ: ಶಾಮ್‌ಬರ್ಗ್‌ನ ಬಹುಪಾಲು ಇರುವ ಕುಕ್ ಕೌಂಟಿಯಲ್ಲಿ 75 ಸಾವಿರ ಡಾಲರ್ ಮೌಲ್ಯದವರೆಗಿನ ಮನೆ ಸುಧಾರಣೆಗೆ ಕನಿಷ್ಠ ನಾಲ್ಕು ವರ್ಷ ವಿನಾಯಿತಿ ಇದೆ.

ಇನ್ನೊಂದು ಮಾತನ್ನು ಸ್ವಲ್ಪ ಹಿಂಜರಿಕೆಯಿಂದಲೇ ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ, ಓದಿಗೆ ಬಂದ ನಮ್ಮ ಹುಡುಗ ಹುಡುಗಿಯರು ಕಡಿಮೆ ಬಾಡಿಗೆಗೆ ಕೋಣೆ ಹುಡುಕುತ್ತಾರೆ. ಅವರಿಗೆ ಆಸರೆ ಕೊಡುವ ನಿಮ್ಮ ಮನಸ್ಸು ದೊಡ್ಡದು. ಆದರೆ ಒಂದೇ ಮೆಟ್ಟಿಲಿರುವ, ತೆರೆಯದ ಕಿಟಕಿಯ ಅಟ್ಟದಲ್ಲಿ ಅವರನ್ನು ಮಲಗಿಸಬೇಡಿ. ಅವರು ಪ್ರಶ್ನೆ ಕೇಳುವುದಿಲ್ಲ. ಊರಿಗೆ ಹೊಸಬರು, ಕೇಳಲು ಗೊತ್ತೂ ಇರುವುದಿಲ್ಲ. ಅವರ ಪರವಾಗಿ ನೀವೇ ಕೇಳಿಕೊಳ್ಳಿ.

ನಮ್ಮ ಕೂಟಗಳಿಗೂ ಒಂದು ಬೇಡಿಕೆ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದಲ್ಲಿ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದಲ್ಲಿ ಸಿವಿಲ್ ಎಂಜಿನಿಯರುಗಳಿದ್ದಾರೆ, ಮನೆ ಕೊಡಿಸುವವರಿದ್ದಾರೆ, ವಿಮೆಯವರಿದ್ದಾರೆ. ತೆರಿಗೆಯ ಬಗ್ಗೆ, ಕಾಲೇಜು ಪ್ರವೇಶದ ಬಗ್ಗೆ ಸಭೆ ನಡೆಸುವಂತೆ ಮನೆಯ ಸುರಕ್ಷತೆಯ ಬಗ್ಗೆಯೂ ವರ್ಷಕ್ಕೊಂದು ಸಂಜೆ ಇರಲಿ. ಶಾಮ್‌ಬರ್ಗ್ ಟೌನ್‌ಶಿಪ್ ಗ್ರಂಥಾಲಯದಂಥ ಜಾಗ ನಮಗೆ ಹತ್ತಿರದಲ್ಲೇ ಇದೆ. ಅಗ್ನಿಶಾಮಕ ಇಲಾಖೆಯವರನ್ನು ಕರೆದರೆ ಬರುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡೋಣ. ಅಟ್ಟವನ್ನು ಕೋಣೆಯಾಗಿಸಿಕೊಂಡವರು ತಮ್ಮ ನಕ್ಷೆ, ಬಿಲ್ಲು ತಂದು ತೋರಿಸಲಿ. ಲೆಕ್ಕ ಹಾಕಿ ಬೇಡವೆಂದು ಬಿಟ್ಟವರು ಯಾಕೆ ಬಿಟ್ಟರೆಂದು ಹೇಳಲಿ. ನನ್ನ ಮಟ್ಟಿಗೆ ಎರಡನೆಯವರ ಮಾತೇ ಹೆಚ್ಚು ಉಪಯೋಗದ್ದು.

ಕೊನೆಗೆ, ಈಗಾಗಲೇ ಪರ್ಮಿಟ್ ಇಲ್ಲದೆ ಅಟ್ಟದಲ್ಲಿ ಕೋಣೆ ಮಾಡಿಕೊಂಡಿರುವವರಿಗೆ, ಅಥವಾ ಹಿಂದಿನ ಮಾಲೀಕರು ಮಾಡಿಟ್ಟ ಕೋಣೆ ಇರುವ ಮನೆ ಕೊಂಡವರಿಗೆ. ನಿಮ್ಮನ್ನು ದೂರಲು ಇದನ್ನು ಬರೆದಿಲ್ಲ. ಕೆಲಸ ಮುಗಿದ ಮೇಲೂ ಪರ್ಮಿಟಿಗೆ ಅರ್ಜಿ ಹಾಕುವ ಬಗೆಯನ್ನು ವಿಲೇಜಿನವರನ್ನೇ ಕೇಳಿ. ಅಲ್ಲಲ್ಲಿ ಡ್ರೈವಾಲ್ ತೆರೆದು ತೋರಿಸಬೇಕಾದೀತು, ಅಷ್ಟಕ್ಕೆ ಸಿದ್ಧರಾಗಿ. ಆ ತನಕ ಅಲ್ಲಿ ಯಾರೂ ಮಲಗುವುದು ಬೇಡ. ಹಗಲಿನ ಓದು, ಹೊಲಿಗೆ, ಸಂಗೀತಾಭ್ಯಾಸ ನಡೆಯಲಿ. ಹಾಸಿಗೆಯನ್ನು ಮಾತ್ರ ಈ ವಾರಾಂತ್ಯವೇ ಕೆಳಗಿಳಿಸಿ. ಸೋಮವಾರ ಬೆಳಗ್ಗೆ ಕಚೇರಿ ತೆರೆದ ಕೂಡಲೇ ಫೋನ್ ಮಾಡಿ.